ಗಂಟಲು ಕಟ್ಟಿದ ಭಾನುವಾರ

ಮುಂದೆ ಮೊಣಕಾಲೂರಿರುವ ಎಮ್ಮಾಳ ಕಾಲುಚೀಲ ಹಿಮ್ಮಡಿಯಲ್ಲಿ ತೂತು, ಬಿಳಿ ಚರ್ಮ ಇಣುಕುತ್ತಿದೆ, ಸಂತೆಯಲ್ಲಿ ಊರಿಗೆಲ್ಲ ಕಾಲುಚೀಲ ಮಾರುವವಳು ಅವಳು, ತನಗೊಂದು ಜೊತೆ ಎತ್ತಿಟ್ಟುಕೊಳ್ಳಲು ಮಾತ್ರ ಕೈ ಬರುವುದಿಲ್ಲ, ಕ್ಷಮಿಸು ಕರ್ತನೇ, ಪ್ರಾರ್ಥನೆಯ ಹೊತ್ತಿನಲ್ಲಿ ನೋಡಬೇಕಾದದ್ದು ಇದಲ್ಲ, ಆದರೆ ಕಣ್ಣು ಮುಚ್ಚಿ ಕೂಗಲು ಇವತ್ತು ನನಗೆ ಗಂಟಲೇ ಇಲ್ಲವಲ್ಲ — ನಿನ್ನೆ ಇಡೀ ದಿನ ಸಂತೆಯ ಚಳಿಗಾಳಿಯಲ್ಲಿ ನಿಂತು ಕ್ಯಾರೆಟ್ ಸಲಾಡ್, ಖಾರದ ಎಲೆಕೋಸು ಎಂದು ಕೂಗಿ ಕೂಗಿ, ಬೆಳಗ್ಗೆ ಎದ್ದರೆ ಬಾಯಿಂದ ಬರೀ ಗಾಳಿ, ಕ್ಲಿಮ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ನಕ್ಕ, ಏನೇ ವೆನೆರಾ, ಉಷ್ಟೋಬೆ ಊರೆಲ್ಲ ಇವತ್ತು ನಿದ್ದೆ ಮಾಡುತ್ತೆ ಬಿಡು, ಅಂದ, ನಾನು ಸೌಟು ತೋರಿಸಿದೆ. ಗಂಟಲಿಲ್ಲದೆ ಇಲ್ಲಿ ಕೂರುವುದೆಂದರೆ ಕೈಕಾಲು ಕಟ್ಟಿಹಾಕಿದ ಹಾಗೆ, ನಮ್ಮ ಸಭೆಯಲ್ಲಿ ಒಬ್ಬರು ಪ್ರಾರ್ಥಿಸಿ ಉಳಿದವರು ತಲೆ ತಗ್ಗಿಸಿ ಕೇಳುವ ಪದ್ಧತಿ ಇಲ್ಲ, ಪಾಸ್ಟರ್ ತ್ಯಾನ್ ಎರಡೂ ಕೈ ಎತ್ತುತ್ತಾರೆ, ಕರ್ತನೇ, ಕರ್ತನೇ, ಕರ್ತನೇ ಎಂದು ಮೂರು ಸಲ ಎಲ್ಲರೂ ಕೂಗುತ್ತೇವೆ, ಅಲ್ಲಿಂದ ಎಲ್ಲರೂ ಒಟ್ಟಿಗೇ, ಗಟ್ಟಿಯಾಗಿ, ತಂತಮ್ಮ ಗೋಳು ತಾವೇ, ಒಬ್ಬಳು ಸೊಸೆಯ ಬಗ್ಗೆ, ಇನ್ನೊಬ್ಬ ಹಲ್ಲುನೋವಿನ ಬಗ್ಗೆ, ಪಾಸ್ಟರ್ ಗಂಟೆ ಬಾರಿಸುವವರೆಗೂ — ಯಾರ ಮಾತೂ ಯಾರಿಗೂ ಕೇಳದು, ಕೇಳಬೇಕಾದವನಿಗೆ ಮಾತ್ರ ಕೇಳುತ್ತದೆ, ಅದಕ್ಕೇ ಮನೆಯಲ್ಲಿ ಬಾಯಿ ಬಿಡದವರೂ ಇಲ್ಲಿ ಬಿಡುತ್ತಾರೆ, ಆ ಗದ್ದಲದಲ್ಲೆಲ್ಲ ದೊಡ್ಡ ಗಂಟಲು ನನ್ನದು, ವೆನೆರಾ ಅಕ್ಕ ಪ್ರಾರ್ಥನೆಗೆ ಕೂತರೆ ದೂರದ ಅಲ್ಮಾಟಿಯಲ್ಲಿ ನಿಲ್ಲಿಸಿದ ಕಾರುಗಳ ಅಲಾರಂ ಬಡಕೊಳ್ಳುತ್ತವೆ ಅನ್ನುತ್ತಾಳೆ ಎಮ್ಮಾ, ಅನ್ನಲಿ, ಕೇಳಿ ಕೇಳಿ ಪಡೆದವಳು ನಾನು, ಪಡೆದದ್ದು ಇಗೋ ಪಕ್ಕದಲ್ಲೇ ಕೂತಿದೆ, ನನ್ನ ಗಂಡ, ಮೊಣಕಾಲೂರಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ, ಎಡಗೈ ಮಂಡಿಯ ಮೇಲೆ, ಬಲಗೈ ಪಕ್ಕೆಲುಬಿನ ಕೆಳಗೆ ಅಂಗಿಯೊಳಕ್ಕೆ ತೂರಿಸಿಕೊಂಡು. ಹೊಸಬ, ಕೈ ಎಲ್ಲಿಡಬೇಕೆಂದು ಇನ್ನೂ ಗೊತ್ತಿಲ್ಲ ಪಾಪ.

ಮದುವೆಯಾದಂದಿನಿಂದ ನನ್ನ ಸವತಿ ಈರುಳ್ಳಿ. ಹಿಮ ಕರಗಲು ಶುರುವಾದರೆ ಸಾಕು, ನಮ್ಮ ಗಂಡಸರಿಗೆ ಕಾಲು ನಿಲ್ಲುವುದಿಲ್ಲ, ದೂರದಲ್ಲೆಲ್ಲೋ ಯಾರದೋ ಹೊಲ ಗುತ್ತಿಗೆ ಹಿಡಿದು, ಅಲ್ಲೇ ಮಣ್ಣಿನ ಗುಡಿಸಲು ಎಬ್ಬಿಸಿ, ಈರುಳ್ಳಿ ಬೆಳೆದು, ಮತ್ತೆ ಚಳಿ ಬಿದ್ದ ಮೇಲೆ ಮನೆ ಕಡೆ ಮುಖ, ಗೋಬೊಂಜಿ ಅನ್ನುತ್ತೇವೆ ಅಜ್ಜಂದಿರ ಕಾಲದಲ್ಲಿ ಈ ಸೀಮೆಗೆ ಬಂದು ನೆಲೆಸಿದ ನಾವು ಕೊರಿಯದವರು ಅದಕ್ಕೆ, ಅವರಪ್ಪಂದಿರೂ ಅದೇ ಮಾಡಿದ್ದು, ಈಗ ಮದುವೆಯಾಗಿ ದೂರದೂರು ಸೇರಿರುವ ಮಗಳು ಇನೆಸ್ಸಾ ಹುಟ್ಟಿದ್ದು ಜುಲೈಯಲ್ಲಿ, ಅವನು ಅವಳ ಮುಖ ನೋಡಿದ್ದು ಅಕ್ಟೋಬರಿನಲ್ಲಿ, ಬಾಗಿಲಲ್ಲಿ ನಿಂತು ಇದು ಯಾರದು ಅಂದ, ಈರುಳ್ಳಿದು ಅಂದೆ ನಾನು. ಕೇಳಿಕೊಳ್ಳದ ದಿನವಿಲ್ಲ, ಕರ್ತನೇ ಅವನನ್ನು ಮನೆಯಲ್ಲಿ ಉಳಿಸು, ಒಂದು ಬೇಸಿಗೆ, ಒಂದೇ ಒಂದು ಬೇಸಿಗೆ ನನ್ನ ಜೊತೆ ಅಂಗಳದಲ್ಲಿ ಕೂತು ಕಲ್ಲಂಗಡಿ ತಿನ್ನಲಿ, ಉಪವಾಸ ಮಾಡಿ ಕೇಳಿದೆ, ಅತ್ತು ಕೇಳಿದೆ, ಬೈದೂ ಕೇಳಿದೆ, ಕಳೆದ ಸುಗ್ಗಿಯ ಸ್ತೋತ್ರದ ಆರಾಧನೆಯಲ್ಲಿ ಗಂಟೆ ಬಾರಿಸಿದ್ದು ನನಗೆ ಕೇಳಲೇ ಇಲ್ಲ, ಎಲ್ಲರೂ ಗಪ್ಪಾಗಿದ್ದಾರೆ, ನನ್ನದೊಂದೇ ಗಂಟಲು ಛಾವಣಿ ಹಾರಿಸುವಂತೆ — ಅವನ ಕಾಲು ಮುರಿದಾದರೂ ಸರಿ ಕರ್ತನೇ, ಮನೆಯಲ್ಲಿ ಕೂರಿಸು! — ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು, ಪಾಸ್ಟರ್ ಕೂಡ ಬೈಬಲಿನಿಂದ ಮುಖ ಮುಚ್ಚಿಕೊಂಡರು, ಯಾರೋ ಹೊಲಕ್ಕೆ ಫೋನು ಮಾಡಿ ಕ್ಲಿಮ್‌ಗೂ ಹೇಳಿದರು, ಅವನೂ ನಕ್ಕನಂತೆ, ಯಾವ ಕಾಲು ಅಂತ ಕೇಳಿಟ್ಟುಕೊಳ್ಳಿ, ಬೂಟು ಒಂದೇ ತಗೋತೀನಿ, ಅಂದನಂತೆ. ಈಗ ನೋಡಿ, ಈ ಫೆಬ್ರವರಿಯಲ್ಲಿ ಊಟಕ್ಕೆ ಕೂತವನು ತಟ್ಟೆಯನ್ನೇ ನೋಡುತ್ತಾ, ಈ ಸಲ ಹೋಗಲ್ಲ ಬಿಡೇ, ಮೊಣಕಾಲು ಹಿಡ್ಕೊಳ್ಳುತ್ತೆ, ಅಂದ, ಅಷ್ಟೇ ಅಲ್ಲ, ಭಾನುವಾರ ನಾನೂ ಬರ್ತೀನಿ ನಿನ್ನ ಜೊತೆ, ಅಂದ, ನಾನು ಸಾರಿನ ಪಾತ್ರೆ ಹಾಗೇ ನೆಲಕ್ಕಿಟ್ಟು ಕುಣಿದುಬಿಟ್ಟೆ, ಹೋದ ಭಾನುವಾರ ಎದ್ದುನಿಂತು ಸಾಕ್ಷಿ ಹೇಳಿದೆ, ಕೇಳಿದರೆ ಕೊಡುತ್ತಾನೆ, ಹಟ ಹಿಡಿದು ಕೇಳಬೇಕು ಅಷ್ಟೇ, ಮಕ್ಕಳು ಸೆರಗು ಎಳೆದ ಹಾಗೆ ಎಳೆಯಬೇಕು, ನನ್ನ ಗಂಡನನ್ನು ನೋಡಿ — ಚಪ್ಪಾಳೆ, ಕ್ಲಿಮ್‌ನ ಕಿವಿ ಕೆಂಪಾಗಿತ್ತು, ತಲೆ ಬಗ್ಗಿಸಿ ನಗುತ್ತಿದ್ದ, ಆಗಲೂ ಆ ಕೈ ಅಲ್ಲೇ ಇತ್ತೇ, ಇತ್ತೇನೋ, ನಾನು ನೋಡಲಿಲ್ಲ, ನಾನು ಮಾತಾಡುತ್ತಿದ್ದೆ. ಏನು ಕೇಳುತ್ತಿರಬಹುದು ಇವನು ದೇವರನ್ನು, ಈ ತುಟಿಗೆ ಪ್ರಾರ್ಥನೆ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ, ಮೊಳ ದೂರದಲ್ಲಿದ್ದಾನೆ, ನನ್ನ ಗಂಟಲು ಇದ್ದಿದ್ದರೆ ಕೇಳುತ್ತಲೇ ಇರಲಿಲ್ಲ, ಕದ್ದು ಕೇಳುವುದು ತಪ್ಪು, ಒಂಚೂರು ಬಾಗಿದರೆ ಏನಾದೀತು —

ನೋಡಪ್ಪಾ, ನಾನು ಕ್ಲಿಮ್. ಖೆಗಾಯ್ ಕ್ಲಿಮ್. ವೆನೆರಾ ಗಂಡ. ಅವಳು ನಿಂಗೆ ಗೊತ್ತಲ್ಲ, ದಿನಾ ನಿನ್ನ ತಲೆ ತಿಂತಾಳಲ್ಲ, ಅವಳೇ. — ಅಯ್ಯೋ ನಗು ಬರುತ್ತಿದೆ, ತುಟಿ ಕಚ್ಚಿಕೊಂಡೆ, ದೇವರ ಜೊತೆ ಹೀಗಾ ಮಾತಾಡುವುದು, ಹೊಲದ ಮೇಸ್ತ್ರಿಯ ಹತ್ತಿರ ರಜೆ ಕೇಳುವ ಹಾಗೆ — ಇವತ್ತು ಅವಳ ಗಂಟಲು ಕಟ್ಟಿದೆ, ನಿಂಗೂ ಸ್ವಲ್ಪ ಬಿಡುವಿರಬೋದು ಅಂತ ಹೇಳ್ತಿದ್ದೀನಿ. ತಾಲ್ಡಿಕೊರ್ಗಾನ್‌ನಲ್ಲಿ ಡಾಕ್ಟ್ರು ಹೇಳಿದ್ದು ನೀನೂ ಕೇಳಿಸ್ಕೊಂಡಿದ್ದೀಯ. ಗಡ್ಡೆ ಲಿವರ್ ಪೂರ್ತಿ ಹರಡಿದೆ, ಕೊಯ್ದರೂ ಉಪಯೋಗ ಇಲ್ಲ, ಬೇಸಿಗೆ ದಾಟೋದು ಕಷ್ಟ ಅಂದ್ರು. ಆಯ್ತು, ಅದಕ್ಕೆ ನಾನು ಜಗಳಕ್ಕೆ ಬಂದಿಲ್ಲ — ಏನು, ಏನಂದ, ಯಾರ ಲಿವರ್, ಬೇರೆ ಯಾರದೋ ಬಗ್ಗೆ ಹೇಳುತ್ತಿದ್ದಾನೆ, ಎಮ್ಮಾಳ ತಮ್ಮ, ಅವನಿಗೇ ಅಲ್ಲವೇ ಹೊಟ್ಟೆನೋವು, ಅಲ್ಲ, ನಾನು ಕ್ಲಿಮ್ ಅಂದ, ಮೊದಲೇ ಹೆಸರು ಹೇಳಿಕೊಂಡ — ತಾಲ್ಡಿಕೊರ್ಗಾನ್‌ಗೆ ಹೋಗಿದ್ದು ನೀರಿನ ಪಂಪಿನ ಸಾಮಾನಿಗೆ, ಜನವರಿಯಲ್ಲಿ, ಸಾಮಾನು ಸಿಗಲಿಲ್ಲ ಅಂದ, ಬರುತ್ತಾ ನನಗೆ ನೀಲಿ ಶಾಲು ತಂದ, ಇದೇ ಶಾಲು, ಈಗ ಗಂಟಲಿಗೆ ಸುತ್ತಿಕೊಂಡಿದ್ದೇನೆ, ಏನಯ್ಯಾ ಯಾವಾಗಲೂ ಇಲ್ಲದ್ದು ಅಂದಿದ್ದೆ, ಚೆನ್ನಾಗಿತ್ತು, ತಗೊಂಡು ಬಂದೆ, ಅಂದಿದ್ದ. ಎಲೆಕೋಸು ಮುಟ್ಟುತ್ತಿಲ್ಲ, ಖಾರ ಜಾಸ್ತಿ ಅನ್ನುತ್ತಾನೆ, ಹುಟ್ಟಿದಂದಿನಿಂದ ಖಾರ ತಿಂದವನು, ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದುಕೊಂಡಾಗ ನಾನೇ ಅಂದೆ, ವಯಸ್ಸಿಗೆ ಬಂದ ಹುಡುಗನ ಹಾಗೆ ಕಾಣ್ತೀಯ ಅಂದೆ, ನಾನೇ, ಈ ಬಾಯಿಂದಲೇ, ಕಣ್ಣು ಹಳದಿಯಾದದ್ದಕ್ಕೆ ಅಡುಗೆಮನೆಯ ದೀಪವನ್ನು ಬೈದೆ, ಬಲ್ಬು ಬದಲಾಯಿಸು ಅಂದೆ, ಅವನು ಕುರ್ಚಿ ಹತ್ತಿ ಬದಲಾಯಿಸಿದ, ನಲ್ಲಿ ಸರಿಮಾಡಿದ, ಬಾಗಿಲು ಸರಿಮಾಡಿದ, ನೆಲ ಬಿಸಿಮಾಡುವ ಒಲೆಯ ಮುಂದೆ ನನ್ನನ್ನು ಕೂರಿಸಿ, ಇಲ್ಲಿ ನೋಡು, ಬೂದಿ ಇಲ್ಲಿಂದ ಎಳೀಬೇಕು, ಈ ಕಲ್ಲು ತೆಗೀಬೇಕು, ನೀನೇ ಮಾಡು ನೋಡೋಣ, ಅಂದ, ನೀನೇ ಮನೆಯಲ್ಲಿರ್ತೀಯಲ್ಲ ಇನ್ನು, ನಾನ್ಯಾಕೆ ಮಸಿ ಮಾಡಿಕೊಳ್ಳಲಿ, ಎಂದು ಎದ್ದು ಹೋದೆ, ಅವನು ಒಲೆಯ ಮುಂದೆ ಹಾಗೇ ಕೂತಿದ್ದ, ಪಕ್ಕೆಲುಬಿನ ಕೆಳಗೆ ಕೈ ಇಟ್ಟುಕೊಂಡು. ಕೈ. ಕಾಲು ಅಂದಿದ್ದೆನಲ್ಲ ನಾನು, ಬರೀ ಕಾಲು ಅಂದಿದ್ದೆ, ತಮಾಷೆಗೆ, ಅದು ತಮಾಷೆಯೆಂದು ಇಡೀ ಸಭೆಗೆ ಗೊತ್ತಾಗಿತ್ತು, ನಿನಗೊಬ್ಬನಿಗೆ ಗೊತ್ತಾಗಲಿಲ್ಲವಾ — ಅವಳಿಗೆ ಮಾತ್ರ ಈಗ್ಲೇ ಗೊತ್ತಾಗೋದು ಬೇಡ — ಇನ್ನೂ ಹೇಳುತ್ತಿದ್ದಾನೆ, ನಿಲ್ಲಿಸು ಕ್ಲಿಮ್, ನಿಲ್ಲಿಸಬೇಡ — ತನ್ನ ಪ್ರಾರ್ಥನೆಯಿಂದ ನಾನು ಮನೇಲಿ ಕೂತೆ ಅಂತ ಕುಣೀತಿದ್ದಾಳೆ, ಕುಣೀಲಿ. ಕಲ್ಲಂಗಡಿ ಬರೋ ತನಕ ಆದ್ರೂ. ಗೊತ್ತಾದ್ರೆ ನಿನ್ನ ಜೊತೆ ಮಾತು ಬಿಡ್ತಾಳೆ, ನಂಗೆ ಅವಳ ಸ್ವಭಾವ ಗೊತ್ತು. ನನ್ನ ಜೊತೆ ಬಿಟ್ರೆ ಚಿಂತೆ ಇಲ್ಲ, ಅಭ್ಯಾಸ ಇದೆ. ನಿನ್ನ ಜೊತೆ ಬಿಡಬಾರ್ದು. ಆಮೇಲೆ ಅವಳಿಗೆ ಮಾತಾಡೋಕೆ ಅಂತ ಇರೋದು ನೀನೊಬ್ನೇ ತಾನೆ. ಅಷ್ಟೇ ಕಣಪ್ಪಾ. ಆಮೆನ್ ಅನ್ನಬೇಕಲ್ವಾ ಕೊನೇಲಿ, ಆಮೆನ್.

ಗಂಟೆ. ಎಲ್ಲರೂ ಗಪ್. ಎಮ್ಮಾ ಮೂಗು ಸೀಟಿದಳು, ಯಾರದೋ ಮಗು ಬಿಕ್ಕಳಿಸುತ್ತಿದೆ, ಪಾಸ್ಟರ್ ಮುಖ ಒರೆಸಿಕೊಂಡು ನಗುತ್ತಿದ್ದಾರೆ, ಎಲ್ಲವೂ ಹೋದ ಭಾನುವಾರದ ಹಾಗೇ ಇದೆ, ಗೋಡೆ ಅಲ್ಲೇ ಇದೆ, ಕಿಟಕಿಯಲ್ಲಿ ಅದೇ ಪಾಪ್ಲರ್ ಮರಗಳು, ನಾನು ಯಾಕೆ ಇನ್ನೂ ಒಂದು ಕಡೆ ಬಾಗಿಕೊಂಡೇ ಇದ್ದೇನೆ, ನೆಟ್ಟಗೆ ಕೂರಬೇಕು, ಕ್ಲಿಮ್ ಕಣ್ಣು ಬಿಟ್ಟ, ನನ್ನನ್ನೇ ನೋಡಿದ, ಹೇಗಿದೆಯೇ ಗಂಟಲು, ಮುಖ ಯಾಕೆ ಹೀಗಾಗಿದೆ, ಜ್ವರವಾ, ಅಂದ, ಹಣೆ ಮುಟ್ಟಿದ, ಎಡಗೈಯಿಂದ — ನಗು ವೆನೆರಾ, ನಗು, ಕಲ್ಲಂಗಡಿ ಬರುವ ತನಕ ಕುಣಿಯಲಿ ಅಂದಿದ್ದಾನೆ, ಕೇಳಿಕೊಂಡದ್ದು ಅದೊಂದೇ ಅವನು, ಹುಟ್ಟಿದಂದಿನಿಂದ ಏನನ್ನೂ ಕೇಳದವನು, ತನಗೊಂದು ದಿನ ಹೆಚ್ಚು ಕೊಡೆಂದು ಕೂಡ ಕೇಳಲಿಲ್ಲ — ನಕ್ಕೆ, ತುಟಿ ಎಳೆದೆ, ಗಂಟಲು ತೋರಿಸಿದೆ, ಗಂಟಲಿಂದಲೇ ಎಲ್ಲ ಅನ್ನುವ ಹಾಗೆ. ವೆನೆರಾ ಅಕ್ಕ, ಕೊನೆಯ ಸ್ತೋತ್ರದ ಪ್ರಾರ್ಥನೆ ನಿಮ್ಮದು ಇವತ್ತು, ಅಂದರು ಪಾಸ್ಟರ್, ಎಲ್ಲ ತಲೆಗಳೂ ನನ್ನ ಕಡೆ, ಕ್ಲಿಮ್ ಮೇಷ್ಟ್ರ ಮುಂದಿನ ಹುಡುಗನ ಹಾಗೆ ಕೈ ಎತ್ತಿದ, ಅವಳಿಗೆ ಧ್ವನಿ ಇಲ್ಲ ಪಾಸ್ಟರ್, ಸಂತೆಯಲ್ಲಿ ಮಾರಿಬಿಟ್ಟು ಬಂದಿದ್ದಾಳೆ, ಅಂದ, ಹಾಗಾದ್ರೆ ಇವತ್ತು ದೇವರಿಗೆ ರಜಾ, ಅಂದರು ಯಾರೋ ಹಿಂದಿನಿಂದ, ಸಭೆ ಘೊಳ್ ಎಂದಿತು, ಕ್ಲಿಮ್ ಎಲ್ಲರಿಗಿಂತ ಹೆಚ್ಚು ನಕ್ಕ, ನಗುವಾಗ ನೋವಾಯಿತು ಅವನಿಗೆ, ನಾನು ಕಂಡೆ, ಬೆರಳುಗಳು ಅಂಗಿಯನ್ನು ಹಿಡಿದು ಹಿಂಡಿದವು, ಆ ಬೆರಳುಗಳು, ಎಷ್ಟು ಭಾನುವಾರದಿಂದ ಹಿಂಡುತ್ತಿವೆಯೋ. ನಾನೇ ಮಾಡ್ತೀನಿ ಅಕ್ಕನ ಬದಲು ಎಂದು ಎಮ್ಮಾ ಎದ್ದಳು, ತೂತಿನ ಕಾಲುಚೀಲದಲ್ಲೇ ನಿಂತು ಕೈ ಚಾಚಿದಳು, ಕರ್ತನೇ ನಿನಗೆ ಸ್ತೋತ್ರ, ನಮ್ಮ ಕ್ಲಿಮ್ ಅಣ್ಣನನ್ನು ಈ ವರ್ಷ ಹೆಂಡತಿಯ ಹತ್ತಿರ ಉಳಿಸಿದೆಯಲ್ಲಾ, ನೀನು ಮಾಡುವುದೆಲ್ಲ ಒಳ್ಳೆಯದೇ, ಅವರಿಬ್ಬರನ್ನೂ ಹೀಗೇ ಇಡು — ಆಮೆನ್ ಎಂದಿತು ಸಭೆ, ಆಮೆನ್ ಅಂದ ಕ್ಲಿಮ್, ಗಟ್ಟಿಯಾಗಿ, ಹೊಸ ಅಂಗಿ ಹಾಕಿಕೊಂಡ ಮಗುವಿನಷ್ಟು ಸಂತೋಷವಾಗಿ, ನನಗೆ ಬಾಯಿ ತೆರೆಯಲಾಗಲಿಲ್ಲ, ಧ್ವನಿ ಇದ್ದಿದ್ದರೂ ಆಗುತ್ತಿರಲಿಲ್ಲ. ಸರಿ. ಅವನು ಹೇಳಿದ್ದು ಸರಿಯಾಗೇ ಇದೆ, ನನ್ನ ಸ್ವಭಾವ ಅವನಿಗೆ ಗೊತ್ತು, ಇವತ್ತಿಗೆ ಮುಗಿಯಿತು, ನಿನಗೂ ನನಗೂ ಮಾತಿಲ್ಲ, ಕೇಳಿಸಿತಾ, ಒಂದಕ್ಷರ ಇಲ್ಲ, ಬೆಳಗ್ಗೆ ಇಲ್ಲ, ಊಟದ ಮುಂದೆ ಇಲ್ಲ, ಸಂತೆಯಲ್ಲಿ ಅಂಗಡಿ ಬಿಚ್ಚುವಾಗ ಇಲ್ಲ, ಅವನಿಗಾಗಿ ಮುಖಕ್ಕೆ ನಗು ಹಚ್ಚಿಕೊಂಡು ಓಡಾಡುತ್ತೇನೆ, ಒಲೆಯ ಬೂದಿ ಎಳೆಯುವುದು ಇವತ್ತೇ ಕಲಿಯುತ್ತೇನೆ, ಕಲ್ಲಂಗಡಿ ಹೆಚ್ಚಿಕೊಡುತ್ತೇನೆ, ಆದರೆ ನಿನ್ನ ಹತ್ತಿರ ಮಾತ್ರ ಬಾಯಿ ಬಿಡುವುದಿಲ್ಲ, ಹಟ ಹಿಡಿದು ಕೇಳಿದವಳಿಗೆ ಹೀಗಾ ಕೊಡುವುದು, ನಿನ್ನ ಜೊತೆ ನನಗೇನು ಮಾತು, ಎಲ್ಲರೂ ಏಳುತ್ತಿದ್ದಾರೆ, ಅವನು ನೆಲಕ್ಕೆ ಕೈಯೂರಿ ಎದ್ದ, ಒಂದೇ ಕೈ, ಇನ್ನೊಂದು ಅಲ್ಲೇ, ಬಾ ವೆನೆರಾ, ಚಹಾ ತಣ್ಣಗಾಗುತ್ತೆ, ಅನ್ನುತ್ತಿದ್ದಾನೆ, ಬೆನ್ನು ಬಾಗಿದೆ, ನೀನು ಎಲ್ಲಿ ನೋಡುತ್ತಿದ್ದೀಯ, ಎಮ್ಮಾಳನ್ನು ಬಿಡು, ನನ್ನನ್ನೂ ಬಿಡು, ಇಲ್ಲಿ ನೋಡು, ಆ ಕೈ ನೋಡು, ಬರೀ ಕೈ ಅಲ್ಲ, ಕೈಯ ಕೆಳಗೆ, ಪಕ್ಕೆಲುಬಿನ ಕೆಳಗೆ, ಅಲ್ಲಿ ನಿನ್ನ ಕೈ ಇಡು, ಅವನ ಕೈ ಸೋತಿದೆ, ನೀನು ಇಡು, ಅಲ್ಲೇ, ಆ ಕೈಯ ಕೆಳಗೆ —