ಮೇಲಿನ ಹಲಗೆಯ ಚಹಾ

ಕಾಗದ ಮಾತ್ರ ಉಳಿದಿತ್ತು.

ಅಮರೇಶ ಬಗ್ಗಿ ನೆಲದಿಂದ ಎತ್ತಿಕೊಂಡ. ಹಳದಿಯಾದ ತೆಳು ಕಾಗದ, ನಡುವೆ ಹಸಿರು ಮುದ್ರೆ, ಸುತ್ತಲೂ ಅವನಿಗೆ ಓದಲು ಬಾರದ ಚೀನೀ ಅಕ್ಷರಗಳು. ಎಲ್ಲೂ ಹರಿದಿರಲಿಲ್ಲ. ಬಿಚ್ಚಿದವರು ಜಾಗರೂಕತೆಯಿಂದಲೇ ಬಿಚ್ಚಿದ್ದರು. ಒಳಗಿನ ಚಹಾದ ಬಿಲ್ಲೆ ಇರಲಿಲ್ಲ.

ಅವನು ಮೇಲಿನ ಹಲಗೆ ನೋಡಿದ. ಉಳಿದವೆಲ್ಲ ಇದ್ದವು. ಗೋಡೆಗೆ ಒರಗಿ, ಬಿಳಿ ಕಾಗದ ಸುತ್ತಿಕೊಂಡು, ಸಾಲಾಗಿ ಕೂತಿದ್ದವು. ನಡುವಿನದು ಮಾತ್ರ ಖಾಲಿ.

ಕಳ್ಳರೇ? ಗಜೇಂದ್ರಗಡದಲ್ಲಿ ಇದನ್ನು ಯಾರು ಕದಿಯುತ್ತಾರೆ? ಇದು ಚಹಾ ಎಂದು ಹೇಳಿದರೆ ನಂಬುವವರೇ ಇಲ್ಲ. ಎಲೆಗಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ತಟ್ಟೆಯಗಲ ಒತ್ತಿ, ತಾನಾಗಿ ಹುಳಿತು ಹಣ್ಣಾಗಲಿ ಎಂದು ದಶಕಗಟ್ಟಲೆ ಇಡುತ್ತಾರೆ ಎಂದು ಅವನು ಒಮ್ಮೆ ಕಾಲೇಜಿನಲ್ಲಿ ಹೇಳಿದ್ದ. ಸಹೋದ್ಯೋಗಿಯೊಬ್ಬ ಫೋನಿನಲ್ಲಿದ್ದ ಚಿತ್ರ ನೋಡಿ, 'ಸಗಣಿ ಕುಳ್ಳು ಇದ್ದಂಗ ಐತಲ್ರಿ' ಎಂದಿದ್ದ. ಆಮೇಲೆ ಅಮರೇಶ ನರೇಗಲ್ಲಿನ ಆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬಿಟ್ಟು ಬೇರೇನೂ ಮಾತಾಡಿರಲಿಲ್ಲ.

ಈ ಸೀಮೆಯ ಒಣ ಗಾಳಿಯಲ್ಲಿ ಇಂಥ ಚಹಾ ಹಣ್ಣಾಗುವುದಿಲ್ಲ, ಸಾಯುತ್ತದೆ. ಅದಕ್ಕೇ ಈ ಕೋಣೆಯ ಕಿಟಕಿಗೆ ಹಸಿ ಗೋಣಿಚೀಲ, ಮೂಲೆಗಳಲ್ಲಿ ನೀರು ತುಂಬಿದ ಮಣ್ಣಿನ ಗಡಿಗೆಗಳು, ಗೋಡೆಯ ಮೇಲೆ ಗಾಳಿಯ ತೇವ ತೋರಿಸುವ ಮುಳ್ಳಿನ ಮಾಪಕ. ಬೇಸಿಗೆಯಲ್ಲಿ ನಳ ವಾರಗಟ್ಟಲೆ ಬಾರದಿದ್ದಾಗಲೂ ಗೋಣಿಚೀಲ ಒಣಗಿರಲಿಲ್ಲ. ಹೆಂಡತಿ ಅನಿತಾ ಮೊದಲು ಜಗಳವಾಡುತ್ತಿದ್ದಳು. ಆಮೇಲೆ ಬಿಟ್ಟುಬಿಟ್ಟಳು.

ರವಿವಾರ ಅವನು ಕೆಳಗಿನ ಹಲಗೆಯ ಸಾಧಾರಣ ಬಿಲ್ಲೆಯೊಂದರಿಂದ ಚೂರು ಕಿತ್ತು, ಮುಷ್ಟಿಯಷ್ಟಿದ್ದ ಮಣ್ಣಿನ ಕುಡಿಕೆಗೆ ಹಾಕುತ್ತಿದ್ದ. ಮೊದಲ ನೀರನ್ನು ಚೆಲ್ಲಬೇಕು. ಎರಡನೆಯದು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗುತ್ತದೆ. ನಾಲಿಗೆಗೆ ಕಹಿ. ನುಂಗಿದ ಮೇಲೆ, ಬಹಳ ಹೊತ್ತಿನ ಮೇಲೆ, ಗಂಟಲಿನ ಆಳದಿಂದ ಒಂದು ಸಿಹಿ ಏರಿ ಬರುತ್ತದೆ. ಆ ಸಿಹಿಗೆ ಕಾಯುವ ಹೊತ್ತಿನಲ್ಲಿ ಅವನಿಗೆ ಯಾರೂ ಬೇಕಿರಲಿಲ್ಲ.

ಮೇಲಿನ ಹಲಗೆಯನ್ನು ಮುಟ್ಟುತ್ತಿರಲಿಲ್ಲ. ನಡುವಿನ ಬಿಲ್ಲೆ ಅವನಿಗಿಂತ ಹಿರಿಯದು. ಫೋನಿನ ಗುಂಪಿನಲ್ಲಿ ಯಾವ ಯಾವುದೋ ದೇಶದವರು ಅದರ ಚಿತ್ರ ಮೆಚ್ಚಿ, ಯಾವಾಗ ಒಡೆಯುತ್ತೀರಿ ಎಂದು ಕೇಳುತ್ತಿದ್ದರು. ಇನ್ನೂ ಹಣ್ಣಾಗಬೇಕು ಎಂದು ಬರೆಯುತ್ತಿದ್ದ. ಒಂದು ದಿನ ಒಡೆಯುವುದಿತ್ತು. ಎಂಥ ದಿನ ಎಂಬುದು ಅವನಿಗೆ ಹೊಳೆದಿರಲಿಲ್ಲ. ಅಂಥ ದಿನ ಬಂದಿರಲಿಲ್ಲ, ಅಷ್ಟೆ.

ಅಡಿಗೆಮನೆಗೆ ಹೋದ. ಕಟ್ಟೆಯ ಮೇಲೆ ಹಾಲಿನ ಖಾಲಿ ಪಾಕೀಟುಗಳು, ಶುಂಠಿಯ ಸಿಪ್ಪೆ. ಕುಟ್ಟುವ ಕಲ್ಲಿಗೆ ಕಪ್ಪು ಧೂಳು ಮೆತ್ತಿತ್ತು. ತೊಟ್ಟಿಯಲ್ಲಿ ದೊಡ್ಡ ಸೋಸುವ ಬಟ್ಟೆ, ಅದರ ತುಂಬ ಉಬ್ಬಿದ ಎಲೆಗಳು. ಒಂದನ್ನು ಎತ್ತಿದ. ಬೆರಳಿನ ಮೇಲೆ ಅದು ನಿಧಾನ ಬಿಚ್ಚಿಕೊಂಡಿತು. ತೊಟ್ಟು, ನರ, ಅಂಚು, ಎಲ್ಲ ಇದ್ದವು. ಮೇಲೆ ಹಾಲಿನ ಬಿಳಿ ಪೊರೆ.

ಕೂಗಬೇಕೆನಿಸಿತು. ಯಾರನ್ನು?

ಮನೆಯಲ್ಲಿ ಯಾರೂ ಇರಲಿಲ್ಲ. ಆಗಲೇ ಅವನಿಗೆ ತಾಳದ ಸದ್ದು ಕೇಳಿಸಿದ್ದು. ಬಸ್ಸಿನಿಂದಿಳಿದು ಬರುವಾಗಲೂ ಕೇಳಿಸಿರಬೇಕು. ಓಣಿಯ ಅಂಗಡಿಗಳು ಮುಚ್ಚಿದ್ದವು, ಪಕ್ಕದ ಮನೆಯ ಮುಂದೆ ಜನರಿದ್ದರು. ಕಂಡಿತ್ತು. ನೋಡಿರಲಿಲ್ಲ.

ಕಾಗದ ಕೈಯಲ್ಲೇ ಹಿಡಿದು ಹೊರಬಿದ್ದ.

"ಬರ್ರಿ ಸರ್." ಎದುರುಮನೆಯ ರಾಯಣ್ಣ ಅವನ ತೋಳು ಹಿಡಿದ. "ಗಟ್ಟಿ ಆಗ್ರಿ. ಮಧ್ಯಾಹ್ನ ಊಟ ಮಾಡಿ ಅಡ್ಡಾದ್ರು, ಏಳಲೇ ಇಲ್ಲ. ಪುಣ್ಯಾದ ಸಾವು."

"ಯಾರು?"

ರಾಯಣ್ಣ ಅವನ ಮುಖ ನೋಡಿ ಪಕ್ಕದವನಿಗೆ ತಗ್ಗಿದ ದನಿಯಲ್ಲಿ ಹೇಳಿದ. "ಸರ್‍ಗ ಭಾಳ ಬಡದೈತಿ. ಒಂದ ಗ್ವಾಡಿ ಮನಿಯಾವ್ರಲ್ಲ."

ಪಕ್ಕದ ಮನೆಯ ಮಲ್ಲೇಶಪ್ಪ ಒಳಗೆ ಗೋಡೆಗೆ ಒರಗಿ ಕೂತಿದ್ದ. ಕೂಡಿಸಿದ್ದರು. ಹಣೆಯ ತುಂಬ ವಿಭೂತಿ, ತಲೆಗೆ ಹೊಸ ರುಮಾಲು, ಗದ್ದಕ್ಕೆ ಬಟ್ಟೆ ಕಟ್ಟು. ಎರಡೂ ಮನೆಗೆ ಅದೇ ಗೋಡೆ. ಆಚೆ ಬದಿಗೆ ಚಹಾದ ಹಲಗೆಗಳು. ಇಷ್ಟು ವರ್ಷ ಅದರ ಮೂಲಕ ಈ ಮುದುಕನ ಕೆಮ್ಮು ಕೇಳುತ್ತ ಬಂದಿದ್ದ.

ಏನಾದರೂ ಅನಿಸಬೇಕಿತ್ತು. ಅಮರೇಶ ಕಾದ. ಎದೆಯಲ್ಲಿ ಆ ಒದ್ದೆ ಎಲೆ ಬಿಟ್ಟು ಬೇರೇನೂ ಇರಲಿಲ್ಲ. ಬಿಲ್ಲೆ ಹೋದ ಆಘಾತಕ್ಕಿಂತ ಇದು ದೊಡ್ಡದು ಎಂದು ಹೊಳೆಯಿತು. ಹೊಳೆದದ್ದೂ ತಲೆಯಲ್ಲಿ ಮಾತ್ರ.

ಹಿತ್ತಲ ಬಾಗಿಲ ಹತ್ತಿರ ಅನಿತಾ ಲೋಟ ತೊಳೆಯುತ್ತಿದ್ದಳು. ಅವನು ಕಾಗದ ತೋರಿಸಿದ.

"ಫೋನ್ ಮಾಡಿದ್ನಿ. ಎತ್ತಲಿಲ್ಲ" ಎಂದಳು.

ಕರೆಗಳು ಬಂದದ್ದನ್ನು ನೋಡಿದ್ದ. ನೀರಿನ ಟ್ಯಾಂಕರಿನ ವಿಷಯ ಇರಬೇಕೆಂದು ಸುಮ್ಮನಿದ್ದ.

"ಇದನ್ನ ಯಾಕ ತಗೊಂಡಿ?"

"ಈ ಮನ್ಯಾಗ ಒಲಿ ಹಚ್ಚಂಗಿಲ್ಲ, ಗೊತ್ತಲ್ಲ ನಿಮಗ? ನಾವ ಕೊಡಬೇಕು. ಮೊದಲನೇ ಸಲಕ್ಕ ಡಬ್ಬಿ ಪುಡಿ ಮುಗೀತು. ಆಮ್ಯಾಲ ಸೂಡಿಯಿಂದ ಬೀಗರು ಟೆಂಪೋ ತುಂಬ ಬಂದ್ರು. ಅಂಗಡಿ ಬಂದ್ ಇದ್ದುವು. ಮಂದೀನ ಹಂಗ ಕೂಡಸೂದೇನ್ರಿ?"

"ಕೆಳಗಿನ ಹಲಗಿಯಾಗ ಅಷ್ಟ ಇದ್ದುವು."

"ನೀವ ಹೇಳಿದ್ರಲ್ಲ ಅದು ಎಲ್ಲಾಕ್ಕಿಂತ ಹಳೇದು ಅಂತ." ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಜ್ವಾಳ ಇರಲಿ, ಬ್ಯಾಳಿ ಇರಲಿ, ಹಳೇದು ಮೊದಲ ತಗೀತಾರ. ಹೊಸಾದು ಹಿಂದ ಇರತೈತಿ. ಕೆಟ್ಟು ಹೋಗೂದಕ್ಕಿಂತ ನಾಕ ಮಂದಿ ಬಾಯಿಗೆ ಹೋತು."

"ಇನ್ನೂ ಐತೇನು?"

"ಏನು?"

"ಚಹಾ."

"ಮುಗೀತು. ಮಾಡಿ ಕೊಡ್ಲಿ? ಇನ್ನೊಂದು ಒಡೀಬೇಕಾಗತೈತಿ."

ಅವನು ಗೋಣು ಅಲ್ಲಾಡಿಸಿದ. ಹೌದೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ಮತ್ತೆ ಲೋಟಕ್ಕೆ ಬಗ್ಗಿದಳು.

ಪಡಸಾಲೆಯಲ್ಲಿ ಬೀಗರು ಮಾತಾಡುತ್ತಿದ್ದರು.

"ಚಹಾ ಏನೋ ಒಂಥರಾ ಇತ್ತಪಾ. ಮಣ್ಣ ಮಣ್ಣ."

"ಸಕ್ಕರಿ ಜಗ್ಗಿ ಹಾಕಿದ್ರು, ಹಂಗಾಗಿ ಇಳೀತು."

"ನಿನಗ ಇಳೀಲಾರದ್ದು ಯಾವುದೈತಿ? ಎರಡ ಲೋಟ ಎತ್ತೀದಿ."

"ಮಣ್ಣಿಗೆ ಬಂದಾವ್ರಿಗೆ ಮಣ್ಣ ಕುಡಿಸ್ಯಾರ, ಬಿಡು."

ಒಬ್ಬ ನಕ್ಕು, ಹೆಣದ ಕಡೆ ನೋಡಿ, ನಗು ನುಂಗಿದ. ಓಣಿಯ ಹಿರಿಯಳು ಮಾನವ್ವ ಕಂಬಕ್ಕೊರಗಿ ಕೂತಿದ್ದಳು. "ಹಗೇವು ತಗದಾಗ ಜ್ವಾಳದ್ದೊಂದು ವಾಸನಿ ಬರತಿತ್ತಲ್ಲ, ನೆಲದಾಗ ತೆಗ್ಗ ತೋಡಿ ಇಟ್ಟದ್ದು. ಹಂಗ ಇತ್ತು" ಎಂದಳು.

ಆಗ ಅಮರೇಶನಿಗೆ ಅದು ಕಾಣಿಸಿತು. ಮಲ್ಲೇಶಪ್ಪನ ಮಡಿಚಿದ ಕಾಲುಗಳ ಮುಂದೆ, ಊದುಬತ್ತಿಯ ಪಕ್ಕದಲ್ಲಿ, ಒಂದು ಸ್ಟೀಲಿನ ಲೋಟ. ತುಂಬಿತ್ತು. ಮೇಲೆ ಕೆನೆ ಕಟ್ಟಿತ್ತು.

ಅವನು ಜನರ ನಡುವೆ ನುಗ್ಗಿ ಹೋಗಿ ಹೆಣದ ಪಕ್ಕ ಕೂತ. ಎಲ್ಲರೂ ಸರಿದು ಜಾಗ ಕೊಟ್ಟರು. ಯಾರೋ ಬೆನ್ನು ಸವರಿದರು. ಹಾಲು ಸಕ್ಕರೆ ಶುಂಠಿಯ ಕೆಳಗಿನಿಂದ ಆ ವಾಸನೆ ಬರುತ್ತಿತ್ತು. ಬಂದೇ ಬರುತ್ತಿತ್ತು. ಹಳೆಯ ಮರ, ಉತ್ತ ಎರೆಹೊಲ, ಮೊದಲ ಮಳೆ. ಅವನ ಬಾಯಲ್ಲಿ ನೀರೂರಿತು.

ಬಾಯಲ್ಲಿ ನೀರೂರಿದ್ದು ತಿಳಿದು ಅವನು ಬೆಚ್ಚಿಬಿದ್ದ.

ಮಲ್ಲೇಶಪ್ಪನ ಹೆಂಡತಿ ಶಂಕ್ರವ್ವ ಅವನ ಕಡೆ ತಿರುಗಿದಳು. ಅತ್ತು ಅತ್ತು ದನಿ ಒಡೆದಿತ್ತು.

"ಚಹಾ ಬಿಟ್ಟು ಇರತಿರಲಿಲ್ರಿ ಇವ್ರು. ನಿಮ್ಮ ಚಹಾನ ಭಾಳ ನೆನಸ್ತಿದ್ರು. 'ಯಾವಾಗ ಕುಡಸ್ತೀರಿ ಅಂತ ಕೇಳೇನಿ, ಇನ್ನೂ ಹಣ್ಣಾಗಬೇಕಂತಾರ ಸರ್, ಅಷ್ಟರಾಗ ನಾನ ಹಣ್ಣಾಗಿ ಉದುರತೀನಿ' ಅಂತ ನಗತಿದ್ರು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೊಟ್ಟ ಮಾತು ತಪ್ಪಲಿಲ್ಲ ನೋಡ್ರಿ ನೀವು. ಕುಡಿಸಿದ್ರಿ."

ಅವಳು ಕೈ ಮುಗಿದಳು. ಅಣಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅವನ ಬಾಯಿಂದ ಒಂದು ಸದ್ದು ಹೊರಟಿತು. ಸುತ್ತಲಿನ ಹೆಂಗಸರು ಅದನ್ನು ಅಳು ಎಂದುಕೊಂಡು ತಾವೂ ಅತ್ತರು.

ಹೊರಗೆ ಹೆಣ ಕೂಡಿಸಿ ಹೊರುವ ವಿಮಾನ ಸಿದ್ಧವಾಯಿತು. ಆಳುಗಳು ಒಳಬಂದು ಮಲ್ಲೇಶಪ್ಪನನ್ನು ಕೂತ ಭಂಗಿಯಲ್ಲೇ ಎತ್ತಿದರು. ತಾಳಗಳು ಜೋರಾದವು. ಮನೆ ಒಮ್ಮೆಲೇ ಬಾಗಿಲ ಕಡೆ ಹರಿಯಿತು.

"ಸರ್, ಬರ್ರಿ. ಹೆಗಲ ಕೊಡೂಣು." ರಾಯಣ್ಣನ ದನಿ ಬೀದಿಯಿಂದ ಬಂತು.

"ಬಂದೆ" ಎಂದ. ಏಳಲಿಲ್ಲ.

ಪಡಸಾಲೆಯಲ್ಲಿ ಯಾರೂ ಉಳಿದಿರಲಿಲ್ಲ. ಗೋಡೆಯ ಮೇಲೆ ರುಮಾಲು ಒರಗಿದ್ದ ಜಾಗದಲ್ಲಿ ವಿಭೂತಿಯ ಗುರುತು. ಕೆಳಗೆ ಚದುರಿದ ಹೂವು, ಲೋಟ. ಅಮರೇಶ ಹೂವಿನ ಮೇಲೆ ಸರಿದು, ಕಾಲು ಮಡಿಚಿ, ಗೋಡೆಗೆ ಬೆನ್ನು ಕೊಟ್ಟು ಕೂತ. ಗೋಡೆ ತೇವವಾಗಿತ್ತು. ಅವನ ಗಡಿಗೆಗಳ ತೇವ. ಅದು ಈಚೆಯವರೆಗೂ ಬಂದಿರುವುದು ಅವನಿಗೆ ಗೊತ್ತೇ ಇರಲಿಲ್ಲ.

ಲೋಟ ಎತ್ತಿದ. ಕೆನೆಯ ಮೇಲೆ ಊದುಬತ್ತಿಯ ಬೂದಿ ಬಿದ್ದಿತ್ತು. ಕಣ್ಣು ಮುಚ್ಚಿ ಬಾಯಿ ತುಂಬ ತೆಗೆದುಕೊಂಡ.

ತಣ್ಣಗಿತ್ತು. ಬರೀ ಸಕ್ಕರೆ.

"ಸರ್."

ಕಣ್ಣು ತೆರೆದ. ಬಾಗಿಲಲ್ಲಿ ಮಾನವ್ವ ಕೊಡ ಹಿಡಿದು ನಿಂತಿದ್ದಳು. ಹೆಣ ಹೊರಗೆ ಹೋದ ಮೇಲೆ ನೆಲ ತೊಳೆಯಬೇಕು. ಅವಳ ಕಣ್ಣು ಅವನ ಕೈಯಲ್ಲಿದ್ದ ಲೋಟದ ಮೇಲಿತ್ತು. ಕೊಡ ವಾಲಿ ನೀರು ಚೆಲ್ಲುತ್ತಿದ್ದದ್ದು ಅವಳಿಗೆ ತಿಳಿದಂತಿರಲಿಲ್ಲ.

"ಏಳ್ರಿ. ಅಲ್ಲಿ ಕೂಡಬಾರದು."

ಅವನು ಏಳಲಿಲ್ಲ. ಬಾಯೊಳಗಿನದನ್ನು ನುಂಗಲಾಗಲಿಲ್ಲ, ಉಗುಳಲಾಗಲಿಲ್ಲ. ಗಂಟಲಿನ ಆಳದಿಂದ ಆ ಸಿಹಿ ಏರಿ ಬರಲೆಂದು, ಕೆನ್ನೆ ಉಬ್ಬಿಸಿಕೊಂಡು, ನೆಟ್ಟಗೆ ಕೂತೇ ಇದ್ದ. ನೀರು ಹೂಗಳನ್ನು ತೇಲಿಸಿಕೊಂಡು ಅವನ ಮಡಿಚಿದ ಕಾಲುಗಳ ಕಡೆಗೆ ಹರಿದು ಬರುತ್ತಿತ್ತು.