ಬೈಗುಳಕ್ಕೆ ಕಾದ ಬೆನಕಪ್ಪ ಮೇಷ್ಟ್ರು

ಬೆನಕಪ್ಪ ಮೇಷ್ಟ್ರು ಮುಂದಕ್ಕೆ ನಡೆದದ್ದಕ್ಕಿಂತ ಹಿಂದಕ್ಕೆ ನಡೆದದ್ದೇ ಹೆಚ್ಚು. ಚನ್ನಗಿರಿಯ ಹೈಸ್ಕೂಲಿನ ಈ ಡ್ರಾಯಿಂಗ್ ಮೇಷ್ಟ್ರಿಗೆ ಮರವಾಗಲಿ, ಎಮ್ಮೆಯಾಗಲಿ, ಗದರುತ್ತಿರುವ ಹೆಡ್‌ಮಾಸ್ತರರೇ ಆಗಲಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಅರೆಗಣ್ಣಿನಿಂದ ನೋಡಿದ ಹೊರತು ದರ್ಶನವಾದಂತೆ ಅನಿಸುತ್ತಿರಲಿಲ್ಲ. ಹೀಗೆ ಸೌಂದರ್ಯೋಪಾಸನೆಯಲ್ಲಿ ಹಿಮ್ಮೆಟ್ಟುತ್ತ ಅವರು ಒಮ್ಮೆ ಬಸ್‌ಸ್ಟ್ಯಾಂಡಿನ ಚರಂಡಿಗೆ ಬಿದ್ದದ್ದೂ, ಬಿದ್ದಲ್ಲಿಂದಲೇ "ಈಗ ಸರಿಯಾಗಿ ಕಾಣ್ತೈತೆ ನೋಡ್ರಿ" ಎಂದದ್ದೂ ಊರಿಗೆಲ್ಲ ಗೊತ್ತು.

ಬೇಸಿಗೆಯಲ್ಲೂ ಕಳಚದ ಅವರ ಕಂದು ಕೋಟಿನ ಜೇಬುಗಳಲ್ಲಿ ಸೀಮೆಸುಣ್ಣದ ಬದಲು ಬಣ್ಣದ ಟ್ಯೂಬುಗಳಿರುತ್ತಿದ್ದವು. "ಬಣ್ಣಾನ ಟ್ಯೂಬಿಗೆ ತುಂಬದೆ ಹೋಗಿದ್ರೆ ಫ್ರಾನ್ಸಿನ ಚಿತ್ರಗಾರರು ಮನೆ ಬಿಟ್ಟು ಬಯಲಿಗೆ ಬರ್ತಾನೇ ಇರ್ಲಿಲ್ಲ ರೀ!" ಎಂಬುದು ಸ್ಟಾಫ್‌ರೂಮಿನಲ್ಲಿ ಅವರ ಪುರಾಣದ ಮಂಗಳಾಚರಣೆ. ಮುಂದಿನ ಕಥೆ ಸಹೋದ್ಯೋಗಿಗಳಾದ ನಮಗೆಲ್ಲ ಬಾಯಿಪಾಠ: ಪ್ಯಾರಿಸ್ಸಿನ ಸರ್ಕಾರಿ ಪ್ರದರ್ಶನ ಮತ್ತೆ ಮತ್ತೆ ತಿರಸ್ಕರಿಸಿದ ಚಿತ್ರಕಾರರು, ಒಬ್ಬ ಫೋಟೋಗ್ರಾಫರ್ ಖಾಲಿ ಮಾಡಿದ ಸ್ಟುಡಿಯೋದಲ್ಲಿ ತಮ್ಮ ಚಿತ್ರಗಳನ್ನು ತಾವೇ ತೂಗುಹಾಕಿದರು, ಅವರಲ್ಲಿ ಮೋನೆ ಎಂಬುವನು ಬರೆದ ಮುಂಜಾವಿನ ಬಂದರನ್ನು ಕಂಡ ವಿಮರ್ಶಕನೊಬ್ಬ, ಇದಕ್ಕಿಂತ ಗೋಡೆಗೆ ಅಂಟಿಸುವ ಅರೆಬರೆ ಅಚ್ಚಿನ ಕಾಗದವೇ ಪೂರ್ತಿಯಾಗಿದೆ, ಇದು ಬರೀ 'ಇಂಪ್ರೆಶನ್', ಮೇಲ್ನೋಟದ ಛಾಪು ಎಂದು ಹಂಗಿಸಿದ, ಆ ಮೂದಲಿಕೆಯೇ ಅವರ ಪಂಥದ ಹೆಸರಾಯಿತು. "ಬೈಗುಳದಾಗೆ ನಾಮಕರಣ ಆಗಿದ್ದು ರೀ ಅದು!" ಎನ್ನುವಾಗ ಅವರ ಕಣ್ಣು ತೇವವಾಗುತ್ತಿತ್ತು.

ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ ಆ ನಾಮಕರಣಕ್ಕೆ ನೂರು ತುಂಬಿತು. ಅದೇ ವರ್ಷ, ಹತ್ತಿರದ ಕೆರೆಬಿಳಚಿ ಹಳ್ಳಿಯ ಕೆರೆ ಏರಿಯ ಮೇಲೆ ಕೂತು ಮೇಷ್ಟ್ರು ಬರೆದ ಸೂಳೆಕೆರೆಯ ಮುಂಜಾವಿನ ಚಿತ್ರವನ್ನು ಜಿಲ್ಲಾ ಪ್ರದರ್ಶನದವರು 'ಅಪೂರ್ಣ' ಎಂದು ಹಿಂದಿರುಗಿಸಿದರು. ಮೇಷ್ಟ್ರು ಕುಗ್ಗಲಿಲ್ಲ, ಹಿಗ್ಗಿದರು. ಊರಿನ ಫೋಟೋದವನು ದಾವಣಗೆರೆಗೆ ಅಂಗಡಿ ಬದಲಾಯಿಸಿದ್ದೇ ತಡ, ಖಾಲಿ ಸ್ಟುಡಿಯೋ ಹಿಡಿದು, ಕೆರೆಯ ಚಿತ್ರಕ್ಕೆ ಮತ್ತೊಂದು ಕೈ ಬಣ್ಣ ಹಚ್ಚಿ, ಹಸಿಯಾಗಿದ್ದಂತೆಯೇ ನಡುಗೋಡೆಗೆ ಏರಿಸಿದರು. "ಒಬ್ಬರಾದ್ರೂ ಮನಸಾರೆ ಬೈಬೇಕು. ಇಲ್ಲಾಂದ್ರೆ ಈ ಬ್ರಶ್ಶು ಇವತ್ತಿಗೇ ಕೊನೆ. ನಾಳೆಯಿಂದ ಹುಡುಗರಿಗೆ ಬೋರ್ಡಿನ ಮ್ಯಾಲೆ ಹೂಜಿ, ಸೇಬು ಅಷ್ಟೇ" ಎಂದು ನನ್ನೆದುರು ಪ್ರತಿಜ್ಞೆ ಮಾಡಿದರು.

ಆದರೆ ನಮ್ಮ ಸೀಮೆಯಲ್ಲಿ ಕರೆದ ಮನೆಗೆ ಹೋಗಿ ಕೊಂಕು ನುಡಿಯುವ ಪದ್ಧತಿಯಿಲ್ಲ. ಬಂದವರೆಲ್ಲ ಗೃಹಪ್ರವೇಶಕ್ಕೆಂಬಂತೆ ತೆಂಗಿನಕಾಯಿ ತಂದರು, "ಭಾಳ ಚಂದ ಐತೆ ಬಿಡ್ರಿ" ಎಂದರು, ಪಾನಕ ಕುಡಿದರು, ಹೊರಟರು. ಚಿತ್ರದ ಕಡೆ ಕಣ್ಣೆತ್ತಿದವರೇ ಇಲ್ಲ. ಮೇಷ್ಟ್ರ ಮುಖ ಗಳಿಗೆ ಗಳಿಗೆಗೂ ಬಾಡಿತು. ಕೊನೆಗೆ ನನ್ನ ಕೋಟಿನ ತೋಳು ಹಿಡಿದು, "ನೀವು ಹಾಸ್ಯ ಬರೆಯೋರು, ನೀವಾದ್ರೂ ಬೈರಿ" ಎಂದು ಅಂಗಲಾಚಿದರು. ನಾನು ಶಕ್ತಿಮೀರಿ ಬೈದೆ. ಪಕ್ಕದಲ್ಲಿದ್ದವರು ಚಪ್ಪಾಳೆ ತಟ್ಟಿ, ಅಭಿನಂದನಾ ಭಾಷಣ ಚೆನ್ನಾಗಿತ್ತೆಂದರು. ನನ್ನ ಹಾಸ್ಯದ ಹಣೆಬರಹವೇ ಅಷ್ಟು.

ಆಗ ಬಂದವಳು ಕೆರೆಬಿಳಚಿಯ ಹುಲಿಗೆಮ್ಮ. ಮೇಷ್ಟ್ರು ತಮ್ಮ ಚಿತ್ರದ ಹಲಗೆ ಇಟ್ಟುಬರುತ್ತಿದ್ದುದು ಅವಳ ಪಡಸಾಲೆಯಲ್ಲೇ. ನೆಟ್ಟಗೆ ಚಿತ್ರದ ಮುಂದೆ ನಿಂತಳು. ಕೆರೆಯ ಗುರುತು ಹತ್ತಿತು. ಕೆರೆಯಮ್ಮನೆದುರು ಬರಿಗೈಯಲ್ಲಿ ನಿಲ್ಲುವುದುಂಟೇ ಎಂದು ಸೆರಗಿನ ಗಂಟು ಬಿಚ್ಚಿ, ಬೆರಳ ತುಂಬ ಕುಂಕುಮ ತೆಗೆದು ಹಸಿ ಆಕಾಶದ ನಟ್ಟನಡುವೆ ಒತ್ತಿಬಿಟ್ಟಳು.

"ಅಯ್ಯೋ ತಾಯಿ, ಬಣ್ಣ ಇನ್ನೂ ಆರಿಲ್ಲ!" ಮೇಷ್ಟ್ರು ಚೀರಿದರು.

"ಆರದೆ ಯಾಕ್ರಿ ಊರೋರನ್ನ ಕರೆದ್ರಿ? ಗಾರೆ ಹಾಕದ ಮನೀಗೆ ಯಾರಾನ ಊಟಕ್ಕೆ ಹೇಳ್ತಾರಾ? ನೀರು ಅಂದ್ರೆ ನೀರಿಲ್ಲ, ದಡ ಅಂದ್ರೆ ದಡ ಇಲ್ಲ, ಬರೀ ಮಂಜು! ನಾನು ಸಗಣೀಲಿ ಸಾರಿಸಿದ ಗೋಡೇನೇ ಇದಕ್ಕಿಂತ ಪೂರ್ತಿ ಐತೆ!"

ಮೇಷ್ಟ್ರು ಅಭ್ಯಾಸಬಲದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದರು, ಕಣ್ಣು ಕಿರಿದು ಮಾಡಿದರು. ಮಂಜು ಮುಸುಕಿದ ನೀರಿನ ಮೇಲೆ ಕೆಂಪಗೆ ಏನೋ ಹುಟ್ಟಿತ್ತು.

"ಇನ್ನೊಂದ್ಸಲ ಹೇಳವ್ವ" ಎಂದರು.

"ಹೇಳಾಕೆ ಏನೈತೆ? ನಾಳೆ ಬಂದು ಸರಿಯಾಗಿ ನೋಡಿ ಬರೀರಿ. ಬೆಳಕು ಹರಿಯೋದ್ರೊಳಗೆ ಬರ್ರಿ, ಮತ್ತೆ!"

ಕುಂಕುಮವನ್ನು ಅವರು ಒರೆಸಲಿಲ್ಲ. ಮರುದಿನ ಮೊದಲ ಬಸ್ಸಿನಲ್ಲಿ ಅವರ ಕಂದು ಕೋಟು ಕೆರೆಬಿಳಚಿಗೆ ಹೊರಟಿತ್ತು.

ಊರಿಗೊಬ್ಬರಾದರೂ ಇಂಥವರಿರುತ್ತಾರೆ. ಹೊಗಳಿಕೆ ಎಂಬ ನೆಂಟ ಜಗಲಿಯಲ್ಲೇ ಪಾನಕ ಕುಡಿದು ಹೊರಡುತ್ತಾನೆ. ಬೈಯುವವಳು ಮಾತ್ರ ಅಡುಗೆಮನೆಯವರೆಗೂ ನುಗ್ಗಿ ಎಲ್ಲವನ್ನೂ ಕಂಡಿರುತ್ತಾಳೆ. ಈ ಜಾತಿಯ ಮನುಷ್ಯರಿಗೆ ಬೇಕಾದದ್ದು ಮೆಚ್ಚುಗೆಯಲ್ಲ, ಹಾಗೆ ಒಳಗೆ ಬಂದು ನೋಡುವ ಒಂದು ಜೊತೆ ಕಣ್ಣು. ಅಷ್ಟು ಸಿಕ್ಕರೆ ಇನ್ನು ನೂರು ಮುಂಜಾವುಗಳಿಗೆ ಸಾಕಾಗುವಷ್ಟು ಬಣ್ಣ ಅವರ ಜೇಬಿನಲ್ಲಿ ಇದ್ದೇ ಇರುತ್ತದೆ.