ಕಾರಣ ಹೇಳದ ಬೇಡ

ನಮ್ಮ ಮನೆಯಲ್ಲಿ ಕಾರಣವಿಲ್ಲದ ಮಾತಿಗೆ ಬೆಲೆಯಿಲ್ಲ. ಈ ಕಾನೂನು ತಂದವಳು ನಾನೇ, ಅದಕ್ಕಾಗಿ ಬೀಗಿದವಳೂ ನಾನೇ. ಹತ್ತೊಂಬತ್ತು ವರ್ಷದಿಂದ ಕಚೇರಿಯಲ್ಲಿ ಸಭೆಗಳ ನಡಾವಳಿ ಬರೆಯುವುದು ನನ್ನ ಕೆಲಸ. ದೊಡ್ಡ ದೊಡ್ಡವರು ಮೇಜಿನ ಸುತ್ತ ಕೂತು ಅದು ಆಗಲ್ಲ, ಇದು ಸರಿಹೋಗಲ್ಲ ಎಂದು ತಲೆಯಾಡಿಸುವಾಗ, ಪೆನ್ನು ಎತ್ತಿ ಹಿಡಿದು ಯಾಕೆ ಸಾರ್ ಎಂದು ಕೇಳುವವಳು ನಾನೊಬ್ಬಳೇ. ಕೇಳಿದ ಕೂಡಲೇ ಅರ್ಧಕ್ಕರ್ಧ ಆಕ್ಷೇಪಣೆಗಳು ಬಾಲ ಮುದುರಿಕೊಂಡು ಹೋಗುತ್ತವೆ. ಆ ಸುಖದ ರುಚಿ ಹತ್ತಿದವಳು ಮನೆಗೆ ಬಂದು ಸುಮ್ಮನಿರುವುದುಂಟೇ?

ಹಾಗಾಗಿ ಮನೆಯಲ್ಲೂ ಏನೇ ದೊಡ್ಡ ವಿಷಯ ಬಂದರೂ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟುತ್ತದೆ. ನಡುವೆ ಗೆರೆ. ಎಡಕ್ಕೆ ಬೇಕು, ಬಲಕ್ಕೆ ಬೇಡ. ಯಾರು ಏನು ಬರೆದರೂ ಪಕ್ಕದಲ್ಲಿ ಕಾರಣ ಇರಬೇಕು, ಇಲ್ಲದಿದ್ದರೆ ನಾನು ಹೊಡೆದುಹಾಕುತ್ತೇನೆ. ಮಗಳ ಶಾಲೆ, ಹಾಲ್‌ನ ಸೋಫಾ, ನನ್ನ ಗಂಡನ ಮೀಸೆ, ಎಲ್ಲವೂ ಈ ಹಾಳೆಯ ಮೇಲೆಯೇ ತೀರ್ಮಾನವಾದವು. ಮೀಸೆ ಸೋತಿತು.

ಈ ಬೇಸಿಗೆಯ ಹಾಳೆ ಹಿತ್ತಲಿನ ಈಜುಕೊಳದ್ದು. ಹತ್ತು ವರ್ಷದ ಮಗಳು ಗೆಳತಿಯ ಮನೆಯ ಕೊಳದಲ್ಲಿ ಒಂದು ದಿನ ಕಳೆದು ಬಂದವಳು, ನಮ್ಮ ಹಿತ್ತಲಲ್ಲೂ ಒಂದು ಬೇಕೇ ಬೇಕು ಎಂದು ಹಟ ಹಿಡಿದಳು. ಅಪ್ಪ ಅವಳ ಪಕ್ಷ. ಬೇಕು ಎಂಬ ಕಡೆ ಅಪ್ಪ ಮಗಳು ಸೇರಿ ಬರೆದರು: ಈಜು ಬರುತ್ತದೆ, ಮೊಬೈಲು ಕೈ ಬಿಡುತ್ತದೆ, ಅಪ್ಪನ ಸೊಂಟನೋವಿಗೆ ಡಾಕ್ಟರೇ ನೀರಿನಲ್ಲಿ ವ್ಯಾಯಾಮ ಮಾಡಿ ಎಂದಿದ್ದಾರೆ. ಬೇಡ ಎಂಬ ಕಡೆ ನಾನೊಬ್ಬಳೇ ಬರೆದೆ: ದಿನಾ ಎಲೆ ಬೀಳುತ್ತದೆ, ಬಲೆ ಹಿಡಿದು ತೆಗೆಯುವವಳು ನಾನು, ನೀರಿಗೆ ಹಾಕುವ ಔಷಧಿಯ ವಾಸನೆ, ಸೊಳ್ಳೆ, ಮೋಟಾರಿನ ಗದ್ದಲ, ಬಿಸಿಲೇರಿದರೆ ಸಾಕು, ಟವೆಲ್ ಹೆಗಲಿಗೆ ಹಾಕಿಕೊಂಡು ಬರುವ ನೆಂಟರು.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಅವರ ಪ್ರಕಾರ ಲೋಕದಲ್ಲಿ ರಿಪೇರಿಯಾಗದ್ದು ಯಾವುದೂ ಇಲ್ಲ. ನನ್ನ ಒಂದೊಂದು ಬೇಡಕ್ಕೂ ಸ್ಪ್ಯಾನರ್ ಹಿಡಿದು ಬಂದರು. ಎಲೆಗೆ ಮುಚ್ಚಳದ ಬಟ್ಟೆ, ಸೊಳ್ಳೆಗೆ ಹರಿಯುವ ನೀರು, ಮೋಟಾರಿಗೆ ರಬ್ಬರಿನ ಪೀಠ. ನೆಂಟರಿಗೆ ಮಾತ್ರ ಅವರ ಬಳಿ ಸ್ಪ್ಯಾನರ್ ಇರಲಿಲ್ಲ. ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಮನೆ ಬಿಡುವ ಮುಂಚೆ ಅವರು ಹಿಂಬಾಗಿಲಿನ ಚಿಲಕವನ್ನು ಮೂರು ಸಲ ಎಳೆದು ನೋಡುತ್ತಾರೆ. ಎರಡು ಸಲಕ್ಕೆ ಸಮಾಧಾನವಿಲ್ಲ, ನಾಲ್ಕನೆಯದು ಬೇಕಿಲ್ಲ. ಮಗಳು ಅವರಿಗೆ ಚಿಲಕಪ್ಪ ಎಂದು ಹೆಸರಿಟ್ಟಿದ್ದಾಳೆ. ದಿನವಿಡೀ ಲಿಫ್ಟ್ ಬಾಗಿಲು ಸರಿಯಾಗಿ ಮುಚ್ಚಿತೋ ಇಲ್ಲವೋ ಎಂದು ನೋಡುವವರಿಗೆ ಕಸುಬು ಮೈಗಂಟಿದೆ ಎಂದು ನಾನೂ ನಗುತ್ತಿದ್ದೆ.

ಮಾವನ ಮಾತು ಬೇರೆ. ಅವರು ಕೈಲಾಗುವ ಕಾಲದಲ್ಲಿ ಟೈಲ್ಸ್ ಹಾಕುತ್ತಿದ್ದವರು. ಎಪ್ಪತ್ತೆಂಟು ವರ್ಷ, ಮೊಣಕಾಲು ಎರಡೂ ಸವೆದಿವೆ, ಮಾತು ಮೊದಲಿಂದಲೂ ಕಡಿಮೆ. ಹಾಳೆ ಅಂಟಿದ ದಿನ ಕನ್ನಡಕ ಏರಿಸಿ ಓದಿ, ಬೇಡ ಎಂದರು. ನಾನು ಪೆನ್ನು ತೆರೆದು ಕಾರಣ ಕೇಳಿದೆ. ಕನ್ನಡಕ ತೆಗೆದು ರೂಮಿಗೆ ನಡೆದರು. ಮಾರನೆಯ ದಿನ ಮತ್ತೆ ಬೇಡ ಎಂದರು, ಮತ್ತೆ ಕಾರಣವಿಲ್ಲ. ಮೂರನೆಯ ಸಲ ಅವರೇ ನಡುಗುವ ಅಕ್ಷರದಲ್ಲಿ ಬಲಗಡೆ ಬೇಡ ಎಂದು ಬರೆದು ಹೋಗಿದ್ದರು. ನಾನು ಅದರ ಮೇಲೆ ಗೆರೆ ಎಳೆದೆ. ಕಾನೂನು ಎಂದರೆ ಎಲ್ಲರಿಗೂ ಒಂದೇ ಎಂದು ಮಗಳಿಗೆ ಪಾಠವನ್ನೂ ಹೇಳಿದೆ. ಕೋಳಿನ ಕೇಳಿ ಮಸಾಲೆ ಅರೀತಾರಾ ಎಂದು ಮಾವ ಗೊಣಗಿದ್ದು ಕೇಳಿಸಿತು. ವಯಸ್ಸಾದವರ ಮುನಿಸು ಎಂದುಕೊಂಡೆ.

ಪಕ್ಕದ ಮನೆಯ ದೊಡ್ಡಮ್ಮನನ್ನೂ ಕೇಳಿದೆ. ರಕ್ತಸಂಬಂಧವಲ್ಲ, ನನ್ನ ಗಂಡ ಚಿಕ್ಕಂದಿನಿಂದ ಹಾಗೆ ಕರೆದದ್ದರಿಂದ ನಮಗೆಲ್ಲ ಅವರು ದೊಡ್ಡಮ್ಮ. ಒಂಟಿ ಹೆಂಗಸು. ಈ ಬೀದಿಯ ಹಳಬರೆಲ್ಲ ಎತ್ತೆತ್ತಲೋ ಹೋದರು, ಉಳಿದದ್ದು ಇವರು ಮತ್ತು ಮಾವ. ದಿನಾ ಬೆಳಿಗ್ಗೆ ಮಾವ ಪೇಪರ್ ಓದಿ ಮುಗಿಸಿ ಕಾಂಪೌಂಡ್ ಮೇಲಿಂದ ಅವರಿಗೆ ಕೊಡುತ್ತಾರೆ. ಇಬ್ಬರೂ ಒಂದು ಮಾತೂ ಆಡುವುದಿಲ್ಲ. ನಲವತ್ತನಾಲ್ಕು ವರ್ಷದ ನನ್ನ ಗಂಡನನ್ನು ದೊಡ್ಡಮ್ಮ ಈಗಲೂ ಪುಟ್ಟ ಎಂದೇ ಕರೆಯುವುದು. ಕೊಳದ ಗದ್ದಲದಿಂದ ತೊಂದರೆಯೇನೂ ಇಲ್ಲ ತಾನೆ ಎಂದು ನಾನು ಕೇಳಿದಾಗ, ಅವರು ಒಗೆದ ಬಟ್ಟೆ ಕೊಡವುತ್ತಿದ್ದವರು ನಿಲ್ಲಿಸಿ, ನಿಮ್ಮಾವ ಏನಂತಾರೆ ಎಂದರು. ಬೇಡ ಅಂತಾರೆ, ಕಾರಣ ಹೇಳಲ್ಲ ಎಂದೆ. ಅವರು ಬಟ್ಟೆಯನ್ನು ತಂತಿಗೆ ಹಾಕಿ, ಕ್ಲಿಪ್ಪು ಸಿಕ್ಕಿಸಿ, ಆಮೇಲೆ ಹೇಳಿದರು:

"ನಿಮ್ಮನೆ ವಿಷಯ, ನಾನೇನು ಹೇಳ್ಲಿ. ಮಾಡೋದಾದ್ರೆ ಸುತ್ತ ಬೇಲಿ ಹಾಕ್ಸಮ್ಮ. ಚಿಲಕ ಎತ್ತರದಲ್ಲಿರ್ಲಿ. ಬಕೆಟ್ ಮೇಲೆ ಹತ್ತಿದ್ರೂ ಕೈಗೆ ಸಿಗಬಾರ್ದು."

ಬಕೆಟ್ ಎಲ್ಲಿಂದ ಬಂತು ಎಂದು ಒಂದು ಕ್ಷಣ ಅನ್ನಿಸಿತು. ಆದರೂ ಒಳ್ಳೆಯ ಸಲಹೆ, ಕಾರಣವೂ ಇದೆ ಎಂದು ಮನೆಗೆ ಬಂದು ಬರೆದುಕೊಂಡೆ. ಗಂಡ ಓದಿ, ಬೇಲಿ ತಾನೇ, ಹಾಕಿದರಾಯಿತು ಎಂದರು. ಹಾಳೆಯಲ್ಲಿ ನಾನು ಸೋತೆ. ಹಿತ್ತಲಲ್ಲಿ ಸಮತಟ್ಟಾಗಿದ್ದ ಜಾಗ ಒಂದೇ. ಅಲ್ಲಿ ಹುಲ್ಲು ಬಿಟ್ಟು ಬೇರೇನೂ ಬೆಳೆಯುತ್ತಿರಲಿಲ್ಲ. ನಾನು ಎರಡು ಸಲ ನಿಂಬೆಗಿಡ ನೆಟ್ಟು ಎರಡು ಸಲವೂ ಬೇರು ಕೊಳೆತಿತ್ತು. ಮಳೆ ಬಂದರೆ ವಾರಗಟ್ಟಲೆ ನೀರು ಇಂಗುತ್ತಿರಲಿಲ್ಲ. ಯಾಕೆ ಎಂದು ಎಲ್ಲರನ್ನೂ ಕೇಳುವ ನಾನು ಆ ನೆಲವನ್ನು ಮಾತ್ರ ಕೇಳಿರಲಿಲ್ಲ.

ಜೆಸಿಬಿ ಬಂದ ದಿನ ಗಂಡ ಕೆಲಸಕ್ಕೆ ಹೋಗಿದ್ದರು, ಮಗಳು ಶಾಲೆಗೆ. ಉಸ್ತುವಾರಿಗೆ ನಾನು ರಜೆ ಹಾಕಿದ್ದೆ. ಮಾವ ಬೆಳಿಗ್ಗೆ ಪೇಪರ್ ಕೊಡಲೂ ಹೋಗದೆ ರೂಮಿನ ಬಾಗಿಲು ಹಾಕಿಕೊಂಡಿದ್ದರು. ಮೂರಡಿ ಮಣ್ಣು ತೆಗೆದಿರಬಹುದು, ಯಂತ್ರದ ಹಲ್ಲು ಯಾವುದಕ್ಕೋ ತಗುಲಿ ಕಿವಿ ಕೊರೆಯುವ ಹಾಗೆ ಕಿರುಗುಟ್ಟಿತು. ಜೆಸಿಬಿಯವನು ಇಳಿದು ಹೋಗಿ, ಕಾಲಿನಿಂದ ಮಣ್ಣು ಸರಿಸಿ, ನನ್ನನ್ನು ಕರೆದ.

"ಮೇಡಂ, ಇಲ್ಲಿ ಆಗಲೇ ಒಂದು ಪೂಲ್ ಇದೆಯಲ್ಲ?"

ತಮಾಷೆ ಎಂದುಕೊಂಡು ಹತ್ತಿರ ಹೋದೆ. ಮಣ್ಣಿನ ಕೆಳಗೆ ನೀಲಿ ಟೈಲ್ಸ್. ಒಂದೇ ನೀಲಿಯಲ್ಲ, ಮೂರು ಬಗೆಯ ನೀಲಿ, ಯಾರು ಯಾರದೋ ಕೆಲಸದಲ್ಲಿ ಮಿಕ್ಕಿದ್ದನ್ನು ತಂದು ಜೋಡಿಸಿದಂತೆ. ನಮ್ಮ ಬಚ್ಚಲಿನ ಗೋಡೆಯಲ್ಲಿ ನಲ್ಲಿಯ ಮೇಲೆ ಮಾವ ಹಾಕಿದ ಅದೇ ಮೂರು ನೀಲಿಯ ಒಂದು ಪಟ್ಟಿ ಇದೆ. ಹದಿನೈದು ವರ್ಷದಿಂದ ದಿನಾ ಅದನ್ನು ಉಜ್ಜಿ ತೊಳೆದವಳು ನಾನು. ನಾವು ಬೇಕೋ ಬೇಡವೋ ಎಂದು ಮೂರು ವಾರ ತೂಗಿದ್ದು ನಮ್ಮ ಕಾಲ ಕೆಳಗೇ ಇತ್ತು, ಮಾವನ ಕೈಯಿಂದಲೇ ಆಗಿತ್ತು, ಮತ್ತು ಅವರು ಬಾಯಿ ಬಿಟ್ಟಿರಲಿಲ್ಲ.

ತಳ ಒಡೆಯದೆ ಹಾಗೇ ಮಣ್ಣು ತುಂಬಿದ್ದಾರೆ, ಅದಕ್ಕೇ ನೀರು ಇಂಗುತ್ತಿಲ್ಲ, ಯಾರೋ ಅವಸರದಲ್ಲಿ ಮುಚ್ಚಿದ ಹಾಗಿದೆ ಎಂದು ಜೆಸಿಬಿಯವನು ಹೇಳುತ್ತಿದ್ದ. ಹೇಳುತ್ತಲೇ ಮಣ್ಣಿನ ರಾಶಿಯಿಂದ ಒಂದು ಸಣ್ಣ ಕಬ್ಬಿಣದ ಬಕೆಟ್ ಎಳೆದು ಹೊರಗೆ ಹಾಕಿದ. ತುಕ್ಕು ತಿಂದು ಹಿಡಿ ಉದುರಿತ್ತು.

ದೊಡ್ಡಮ್ಮ ಕಾಂಪೌಂಡಿನ ಆಚೆ ನಿಂತಿದ್ದರು. ಯಾವಾಗ ಬಂದರೋ ತಿಳಿಯದು. ನಾನು ಕಂಡಂತೆ ಅವರು ಎಂದೂ ನಮ್ಮ ಹಿತ್ತಲಿಗೆ ಕಾಲಿಟ್ಟವರಲ್ಲ, ಎಲ್ಲವೂ ಗೋಡೆಯ ಮೇಲಿಂದಲೇ. ಅವತ್ತು ಸುತ್ತಿ ಗೇಟಿನಿಂದ ಬಂದರು. ನೆಟ್ಟಗೆ ಬಂದು ಬಕೆಟ್ಟನ್ನು ಎತ್ತಿ, ಸೆರಗಿನಿಂದ ಮಣ್ಣು ಒರೆಸತೊಡಗಿದರು. ಬಕೆಟ್ ಮೇಲೆ ಹತ್ತಿದ್ರೂ ಕೈಗೆ ಸಿಗಬಾರ್ದು. ಅವರ ಮಾತು ನನಗೆ ಆಗ ನೆನಪಾಯಿತು. ಜೆಸಿಬಿಯವನಿಗೆ ಬೀದಿ ಕೊನೆಯ ಅಂಗಡಿಯಲ್ಲಿ ಟೀ ಕುಡಿದು ಬಾ ಎಂದು ಹೇಳಿ ಕಳಿಸಿದೆ.

"ನಂಗೊಬ್ಬಳು ಮಗಳಿದ್ಲು," ಎಂದರು ದೊಡ್ಡಮ್ಮ. "ಆಗ ಅವಳಿಗೂ ಪುಟ್ಟನಿಗೂ ನಾಲ್ಕೇ ವರ್ಷ. ಮಧ್ಯಾಹ್ನ ದೊಡ್ಡವರೆಲ್ಲ ಊಟ ಮಾಡಿ ಒರಗಿದ್ವಿ. ಕೊಳದ ಸುತ್ತ ಬೇಲಿ ಇತ್ತು, ಚಿಲಕಾನೂ ಇತ್ತು. ಪುಟ್ಟ ಈ ಬಕೆಟ್ ಬೋರಲು ಹಾಕಿ, ಮೇಲೆ ಹತ್ತಿ ತೆಗ್ದ. ಅವಳೇ ಕೇಳಿರ್ಬೇಕು. ಅವಳು ಕೇಳಿದ್ದಕ್ಕೆ ಅವನು ಯಾವತ್ತೂ ಇಲ್ಲ ಅಂತಿರ್ಲಿಲ್ಲ."

ಮೂರು ಸಲ ಎಳೆಯುವ ಚಿಲಕ. ಲೋಕದ ಕಸುಬುಗಳನ್ನೆಲ್ಲ ಬಿಟ್ಟು ಬಾಗಿಲು ಮುಚ್ಚಿತೋ ಎಂದು ನೋಡುವ ಕಸುಬನ್ನೇ ಹಿಡಿದ ಮನುಷ್ಯ. ಕಸುಬು ಮೈಗಂಟಿದ್ದಲ್ಲ, ಮೈಗಂಟಿದ್ದೇ ಕಸುಬಾಗಿತ್ತು. ಅದಕ್ಕೆ ನಾನೂ ಮಗಳೂ ಸೇರಿ ಹಲ್ಲು ಬಿಟ್ಟು ನಕ್ಕಿದ್ದೆವು. ಅವರಿಗೆ ಇದು ಗೊತ್ತೇ ಎಂದು ಕೇಳಿದೆ.

"ಇಲ್ಲಮ್ಮ. ಒಂದೆರಡು ದಿನ ಪಾಪು ಎಲ್ಲಿ ಅಂತ ಕೇಳ್ದ. ಆಮೇಲೆ ಮರ್ತ. ನನ್ನದಂತೂ ಹೋಯ್ತು, ಇದಾದ್ರೂ ನೆಟ್ಟಗೆ ಬೆಳೀಲಿ, ಇವನ ಕಿವಿಗೆ ಯಾವತ್ತೂ ಬೀಳಬಾರ್ದು ಅಂತ ನಿಮ್ಮಾವನ ಹತ್ರ ಮಾತು ತಗೊಂಡವಳು ನಾನೇ. ಅವ್ರು ಎಂಟು ದಿನ ಒಬ್ಬರೇ ಮಣ್ಣು ಹೊತ್ತು ಮುಚ್ಚಿದ್ರು."

ಅಷ್ಟು ಹೇಳಿ ಬಕೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಅವರು ತಮ್ಮ ಮನೆಗೆ ನಡೆದರು. ನನಗೆ ಅಳು ಬರಲಿಲ್ಲ, ನಾಚಿಕೆ ಬಂತು. ಇಬ್ಬರು ಮುದುಕರು ನಲವತ್ತು ವರ್ಷ ಬಾಯಿಗೆ ಬೀಗ ಹಾಕಿ ಕಾಪಾಡಿದ್ದನ್ನು ನಾನು ರಜೆ ಹಾಕಿ ನಿಂತು ಅಗೆಸಿದ್ದೆ.

ಮಾವನ ರೂಮಿಗೆ ಹೋದೆ. ಮಂಚದ ಅಂಚಿನಲ್ಲಿ ಕೂತಿದ್ದರು, ಮಡಿಚಿದ ಪೇಪರ್ ತೊಡೆಯ ಮೇಲಿತ್ತು. ನನಗೊಬ್ಬಳಿಗಾದರೂ ಹೇಳಬಹುದಿತ್ತಲ್ಲ ಮಾವ ಎಂದೆ. ಅವರ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಹೇಳಿದ್ರೆ ನೀನು ಬರ್ಕೋತಿದ್ದೆಯಲ್ಲಮ್ಮ," ಎಂದರು.

ಸಂಜೆ ಗಂಡ ಬಂದರು, ಗುಂಡಿ ನೋಡಿದರು, ಅವರ ಖುಷಿ ಹೇಳತೀರದು. ಅಪ್ಪ ಎಂಥ ಗಟ್ಟಿ ಮನುಷ್ಯ, ಇಷ್ಟು ದೊಡ್ಡದನ್ನು ಕಟ್ಟಿ ಒಂದು ಮಾತು ಹೇಳಿಲ್ಲವಲ್ಲ ಎಂದು ನಕ್ಕರು. ಟೈಲ್ಸ್ ಅರ್ಧ ಸರಿಯಾಗಿವೆ, ಕೆಲಸ ಇನ್ನೂ ಸುಲಭವಾಯಿತು ಎಂದು ಮಗಳನ್ನು ಕೈ ಹಿಡಿದು ತಿರುಗಿಸಿದರು. ಮಾವ ಊಟದ ಮೇಜಿನ ತುದಿಯಲ್ಲಿ ಕೂತು ನೀರಿನ ಲೋಟವನ್ನೇ ನೋಡುತ್ತಿದ್ದರು. ಗಂಡ ಪೆನ್ನು ತೆಗೆದುಕೊಂಡು, ಬೇಕು ಎಂಬ ಕಡೆ ಕೊಳ ಆಗಲೇ ಇದೆ ಎಂದು ದಪ್ಪ ಅಕ್ಷರದಲ್ಲಿ ಬರೆದರು. ಬರೆಯುತ್ತ, ಅಲ್ಲಪ್ಪ, ಇಷ್ಟು ಚೆನ್ನಾಗಿದ್ದದ್ದನ್ನು ಯಾಕೆ ಮುಚ್ಚಿದೆ ಎಂದು ಕೇಳಿದರು.

ಮಾವ ಲೋಟವನ್ನು ದೂರ ಸರಿಸಿದರು. ಹತ್ತು ಸುಳ್ಳು ಕಾರಣಗಳು ನನ್ನ ನಾಲಿಗೆಯ ತುದಿಯಲ್ಲಿದ್ದವು. ಸೋರುತ್ತದೆ ಎನ್ನಬಹುದಿತ್ತು, ಗೋಡೆ ಬಿರುಕು ಬಿಟ್ಟಿದೆ ಎನ್ನಬಹುದಿತ್ತು. ಆದರೆ ನನ್ನ ಗಂಡ ಎಂಥವರೆಂದು ನನಗೆ ಗೊತ್ತು. ಯಾವ ಕಾರಣ ಕೊಟ್ಟರೂ ನಾಳೆ ಬೆಳಿಗ್ಗೆ ಅದನ್ನು ರಿಪೇರಿ ಮಾಡಿ ನಿಲ್ಲುತ್ತಾರೆ. ಮಾವ ಮೂರು ಸಲ ಕಾರಣ ಹೇಳದೆ ನಿಂತದ್ದು ಯಾಕೆಂದು ಆಗ ಪೂರ್ತಿ ಅರ್ಥವಾಯಿತು. ನಾನು ಗಂಡನ ಕೈಯಿಂದ ಪೆನ್ನು ಕಿತ್ತುಕೊಂಡು, ಬಲಗಡೆ, ಮಾವ ಬರೆದು ನಾನು ಹೊಡೆದುಹಾಕಿದ್ದರ ಕೆಳಗೆ, ಬೇಡ ಎಂದು ಬರೆದೆ.

"ಕಾರಣ ಬರೀಬೇಕಮ್ಮ," ಎಂದಳು ಮಗಳು.

ಗಂಡನೂ ನಗುತ್ತ ಅದನ್ನೇ ಕೇಳಿದರು. ಆಮೇಲೆ ನನ್ನ ಮುಖ ನೋಡಿ ಅವರ ನಗು ನಿಂತಿತು.

"ಕಾರಣ ಇಲ್ಲ ರೀ," ಎಂದೆ. "ಬೇಡ. ನಾಳೆ ತಳ ಒಡೆದು ಮುಚ್ಚಿಸೋಣ."

ಅವರು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ನಮ್ಮ ಮದುವೆಯಾದ ಮೇಲೆ ನಾನು ಕಾರಣವಿಲ್ಲದೆ ಒಂದು ಮಾತು ಹೇಳಿದ್ದು ಅದೇ ಮೊದಲು. ಅವರು ಹಿಂಬಾಗಿಲಿಗೆ ಹೋಗಿ ಚಿಲಕ ಹಾಕಿದರು. ಒಂದು ಸಲ ಎಳೆದು ನೋಡಿದರು. ಎರಡನೆಯ ಸಲ ಎಳೆದರು. ಚಿಲಕಪ್ಪ ಎನ್ನಲು ಮಗಳು ಬಾಯಿ ತೆರೆದಳು, ನಾನು ಅವಳ ಬಾಯಿಗೆ ಕೈ ಅಡ್ಡ ಇಟ್ಟೆ. ಮೂರನೆಯ ಸಲಕ್ಕೆ ಅವರು ಕೈ ಚಾಚಿದಾಗ ನಾನೂ ಹೋಗಿ, ಅವರ ಕೈಯ ಮೇಲೆ ಕೈಯಿಟ್ಟು ಎಳೆದೆ.

"ಸರಿಯಾಗಿದೆ," ಎಂದೆ. "ನೀವು ಸರಿಯಾಗೇ ಹಾಕಿದೀರಿ."